ಹಳೆ ಅಂಗಡಿಗೆ ಹೊಸ ತಂತ್ರಜ್ಞಾನ: ದುಡ್ಡು ಹಾಕೋದು ಯಾವುದಕ್ಕೆ, ಯಾವಾಗ?

ಕಲಬುರಗಿಯ ಕಪಡಾ ಬಜಾರ್, ಸೂಪರ್ ಮಾರ್ಕೆಟ್, ಧಾನ್ಯದ ಪೇಟೆ ನೆಹರೂ ಗಂಜ್ ಕಡೆ ಮಧ್ಯಾಹ್ನ ಗಿರಾಕಿ ಕಮ್ಮಿ ಇರುವ ಹೊತ್ತು ನೋಡಿ ಸಾಫ್ಟ್‌ವೇರ್ ಮಾರುವವರು ಬರುತ್ತಾರೆ. ಒಬ್ಬರ ಹತ್ತಿರ ವಾಟ್ಸ್‌ಆ್ಯಪ್‌ನಲ್ಲಿ ತಾನೇ ಉತ್ತರ ಕೊಡುವ ಬಾಟ್ ಇರುತ್ತೆ. ಇನ್ನೊಬ್ಬರು ತರೋದು, ಎದುರು ನಿಂತರೆ ಸೀರೆ ಉಟ್ಟ ಹಾಗೆ ತೋರಿಸುವ ಸ್ಕ್ರೀನ್. ಮತ್ತೊಬ್ಬರು ಅಂಗಡಿ ಹೆಸರಲ್ಲೇ ಒಂದು ಆ್ಯಪ್ ಮಾಡಿಕೊಡ್ತೀವಿ ಅಂತಾರೆ. ಕೊನೆ ಮಾತು ಮಾತ್ರ ಎಲ್ಲರದೂ ಒಂದೇ: "ಈಗ ಹಾಕಿಸದಿದ್ರೆ ನಾಳೆ ಗಿರಾಕಿ ಇರಲ್ಲ ಸಾವ್ಕಾರ್ರೇ." ಗಲ್ಲಾ ಮೇಲೆ ಕೂತ ತಂದೆ ಚಹಾ ತರಿಸುತ್ತಾರೆ, ಪೂರ್ತಿ ಕೇಳುತ್ತಾರೆ, "ಮಗ ಬರ್ಲಿ, ಅವನ ಹತ್ರ ಮಾತಾಡ್ರಿ" ಅಂತ ಕಳಿಸುತ್ತಾರೆ. ಮಗನಿಗೆ ಎಲ್ಲವೂ ಬೇಕು. ಅಪ್ಪನಿಗೆ ಯಾವುದೂ ಬೇಡ.

ಇಬ್ಬರದೂ ಅರ್ಧ ಸರಿ ಅನ್ನೋದು ನನ್ನ ಅಭಿಪ್ರಾಯ. ಗಿರಾಕಿ ಕಣ್ಣಿಗೆ ಬೀಳುವ ಸ್ಕ್ರೀನು, ಬಾಟು, ಆ್ಯಪು ಇವನ್ನ ಎರಡು ವರ್ಷ ತಡವಾಗಿ ಕೊಂಡರೂ ಹಳೆ ಅಂಗಡಿಗೆ ನಷ್ಟ ಇಲ್ಲ. ಬಹಳ ಸಲ ಲಾಭವೇ ಆಗುತ್ತೆ, ಯಾಕಂದ್ರೆ ಬೆಲೆ ಇಳಿದಿರುತ್ತೆ. ಆದರೆ ಅದರ ಹಿಂದೆ ಇರಬೇಕಾದ ಸ್ಟಾಕ್ ಲೆಕ್ಕ, ರೇಟ್ ಪಟ್ಟಿ, ಗಿರಾಕಿಗಳ ಖಾತೆ ಇವನ್ನ ತಡ ಮಾಡಿದರೆ ನಿಜವಾದ ನಷ್ಟ. ಮೊದಲನೆಯದು ದುಡ್ಡು ಕೊಟ್ಟರೆ ಒಂದು ವಾರದಲ್ಲಿ ಬರುತ್ತೆ. ಎರಡನೆಯದಕ್ಕೆ ವರ್ಷಗಳೇ ಹಿಡಿಯುತ್ತವೆ. ನಮ್ಮಲ್ಲಿ ಬಹಳಷ್ಟು ಅಂಗಡಿಗಳು ಇದನ್ನ ಉಲ್ಟಾ ಮಾಡುತ್ತಿವೆ. ಮುಂದೆ ಸ್ಕ್ರೀನ್ ಹೊಳೆಯುತ್ತೆ, ಒಳಗೆ ಗೋದಾಮಿನಲ್ಲಿ ಏನಿದೆ ಅಂತ ಕೇಳಿದರೆ ಲೆಕ್ಕ ಬರೆಯುವ ಹಳೆ ಮುನೀಮರನ್ನೇ ಕೂಗಬೇಕು.

ಸಾರ್ಟೆಕ್ಸ್ ಗೆದ್ದದ್ದು ಯಾಕೆ?

ಹಳೆ ವ್ಯಾಪಾರಿ ಹೊಸದಕ್ಕೆ ದುಡ್ಡು ಹಾಕಲ್ಲ ಅನ್ನೋದು ಸುಳ್ಳು. ನಮ್ಮ ದಾಲ್ ಮಿಲ್‌ಗಳನ್ನೇ ನೋಡಿ. ಮೊದಲು ಬೇಳೆ ಆರಿಸುವ ಕೆಲಸ ಹೆಣ್ಣುಮಕ್ಕಳ ಕೈಯಲ್ಲಿತ್ತು. ಸಾಲಾಗಿ ಕೂತು ಕಪ್ಪು ಕಾಳು, ಹರಳು, ಸಿಪ್ಪೆ ಬಿಡದ ಬೇಳೆ ಆರಿಸಿ ತೆಗೆಯುತ್ತಿದ್ದರು. ಆಮೇಲೆ ಬಣ್ಣ ನೋಡಿ ಬೇರೆ ಮಾಡುವ ಯಂತ್ರ ಬಂತು. ಬೇಳೆ ಮೇಲಿನ ಹಾಪರ್‌ನಿಂದ ಇಳಿಜಾರಿನ ಸಾಲುಗಳಲ್ಲಿ ಜಾರಿ ಬೀಳುತ್ತೆ. ಬೀಳುವ ಆ ಕ್ಷಣದಲ್ಲೇ ಕ್ಯಾಮೆರಾ ಒಂದೊಂದು ಬೇಳೆಯನ್ನೂ ನೋಡುತ್ತೆ. ಬಣ್ಣ ಸರಿ ಇಲ್ಲದ್ದು ಕಂಡರೆ ಟಪ್ ಅಂತ ಗಾಳಿಯ ಒಂದು ಏಟು. ಆ ಕಾಳು ಪಕ್ಕದ ಡಬ್ಬಕ್ಕೆ ಹಾರುತ್ತೆ. ಯಂತ್ರದ ಹತ್ತಿರ ನಿಂತರೆ ಆ ಟಪಟಪ ಸದ್ದು ನಿಲ್ಲೋದೇ ಇಲ್ಲ. ಸಾರ್ಟೆಕ್ಸ್ ಅನ್ನೋದು ಒಂದು ಬ್ರ್ಯಾಂಡ್ ಹೆಸರು. ಈಗ ಯಾವ ಕಂಪನಿಯ ಯಂತ್ರ ಇದ್ದರೂ ಗಂಜ್‌ನಲ್ಲಿ ಅದಕ್ಕೆ ಸಾರ್ಟೆಕ್ಸ್ ಅಂತಲೇ ಅಂತಾರೆ.

ಇಲ್ಲಿ ನೋಡಬೇಕಾದ್ದು ಯಂತ್ರವನ್ನಲ್ಲ, ರೇಟನ್ನ. ಹೊರ ಊರಿನ ಖರೀದಿದಾರರು ಫೋನ್ ಮಾಡಿ "ಸಾರ್ಟೆಕ್ಸ್ ಮಾಲ್ ಎಷ್ಟಕ್ಕ ಅದರೀ?" ಅಂತ ಕೇಳುತ್ತಾರೆ. ಸಾರ್ಟೆಕ್ಸ್ ಆದ ಬೇಳೆಗೆ ಒಂದು ರೇಟು, ಆಗದಿದ್ದಕ್ಕೆ ಇನ್ನೊಂದು. ಅಂದ್ರೆ ಮಿಲ್ ಮಾಲಕರು ಹಾಕಿದ ದುಡ್ಡನ್ನ ಗಿರಾಕಿ ಪ್ರತಿ ಕ್ವಿಂಟಲ್‌ನಲ್ಲಿ ವಾಪಸ್ ಕೊಡುತ್ತಿದ್ದಾನೆ. ಯಾಕೆ ಕೊಡುತ್ತಾನೆ? ಊಟಕ್ಕೆ ಕೂತಾಗ ಹಲ್ಲಿಗೆ ಹರಳು ಸಿಕ್ಕ ತೊಂದರೆ ಅವನಿಗೆ ಮೊದಲಿಂದಲೂ ಇತ್ತು. ಯಂತ್ರ ಆ ತೊಂದರೆ ತೆಗೆಯಿತು. ಗಿರಾಕಿ ಹೊಸದೇನೂ ಕಲಿಯಬೇಕಾಗಿ ಬರಲಿಲ್ಲ. ಆ್ಯಪ್ ಇಳಿಸಿಕೊಳ್ಳಬೇಕಿಲ್ಲ, ಪಾಸ್‌ವರ್ಡ್ ನೆನಪಿಡಬೇಕಿಲ್ಲ. ಮೊದಮೊದಲು ಈ ಯಂತ್ರ ದುಬಾರಿ ಆಮದು ಸಾಮಾನು. ಆಮೇಲೆ ಚೀನಾದ್ದು, ನಮ್ಮ ದೇಶದ್ದು ಬಂದು ಬೆಲೆ ಇಳಿಯಿತು. ತಡವಾಗಿ ಕೊಂಡ ಮಿಲ್‌ಗಳೂ ಬಾಗಿಲು ಹಾಕಲಿಲ್ಲ. (ಆರಿಸುವ ಕೆಲಸ ಹೋದ ಹೆಣ್ಣುಮಕ್ಕಳು ಎಲ್ಲಿಗೆ ಹೋದರು ಅನ್ನೋ ಪ್ರಶ್ನೆ ಇದೆ. ಅದಕ್ಕೆ ಬೇರೆಯದೇ ಲೇಖನ ಬೇಕು.)

ಯುಪಿಐ ಕಥೆ ಇದಕ್ಕಿಂತ ಸ್ವಲ್ಪ ಬೇರೆ. 2016ರಲ್ಲಿ ಶುರುವಾದ ಯುಪಿಐ ನಮ್ಮ ಕಿರಾಣಿ ಅಂಗಡಿಗಳಿಗೆ ಬಂದದ್ದು ಅಂಗಡಿಯವರು ದುಡ್ಡು ಹಾಕಿದ್ದರಿಂದ ಅಲ್ಲ. ಅದಕ್ಕೆ ದುಡ್ಡು ಹಾಕಬೇಕಾಗೇ ಇರಲಿಲ್ಲ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಕಮಿಷನ್ ಹಿಡಿಯೋದನ್ನೇ ಸರ್ಕಾರ ನಿಲ್ಲಿಸಿತು. ಒಂದು ಸ್ಟಿಕ್ಕರ್ ಅಂಟಿಸಿದರೆ ಮುಗಿಯಿತು. ತೊಂದರೆ ಶುರುವಾದದ್ದು ಆಮೇಲೆ. ಸಂತೆ ದಿನ ಅಂಗಡಿ ತುಂಬ ಜನ ಇರುವಾಗ ಯಾರ ದುಡ್ಡು ಬಂತು, ಯಾರದು ಬರಲಿಲ್ಲ ಅಂತ ನೋಡೋರು ಯಾರು? ಹಳೆ ಸ್ಕ್ರೀನ್‌ಶಾಟ್ ತೋರಿಸಿ ಹೋಗೋರೂ ಇದ್ದರು. ಆಗ ಬಂತು ಸೌಂಡ್‌ಬಾಕ್ಸ್. "ಇನ್ನೂರ ನಲವತ್ತು ರೂಪಾಯಿ ಬಂದಿದೆ" ಅಂತ ಕನ್ನಡದಲ್ಲೇ ಕೂಗುತ್ತೆ. ಬೇಳೆ ತೂಗುತ್ತಿರುವ ಹುಡುಗ ತಲೆ ಎತ್ತಬೇಕಿಲ್ಲ. ಫೋನ್ ಮನೆಯಲ್ಲಿ ಬಿಟ್ಟು ಬಂದರೂ ವ್ಯಾಪಾರ ನಿಲ್ಲಲ್ಲ. ತಿಂಗಳ ಬಾಡಿಗೆ ಅಂಗಡಿಯವರು ಗೊಣಗುತ್ತಾ ಕಟ್ಟುತ್ತಾರೆ, ಆದ್ರೆ ಕಟ್ಟುತ್ತಾರೆ.

2025ರ ಜುಲೈನಲ್ಲಿ ಇದಕ್ಕೆ ಒಂದು ಪರೀಕ್ಷೆಯೂ ಆಯಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ವರ್ಷಕ್ಕೆ 40 ಲಕ್ಷ ದಾಟಿದ ಸರಕು ವ್ಯಾಪಾರ, 20 ಲಕ್ಷ ದಾಟಿದ ಸೇವೆಗೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ನಿಯಮ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸಾಮಾನು ಮಾರುವವರಿಗೂ ನೋಟಿಸ್ ಹೋಯಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಸ್ಟಿಕ್ಕರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬರೆದು ಹಾಕಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ನೋಂದಣಿ ಮಾಡಿಕೊಂಡರೆ ಹಳೆ ಬಾಕಿ ವಸೂಲಿ ಮಾಡಲ್ಲ ಅಂದರು. ಗಲಾಟೆ ತಣ್ಣಗಾಯಿತು, ಸ್ಟಿಕ್ಕರ್ ವಾಪಸ್ ಬಂತು. ಗಿರಾಕಿ ಒಂದು ಸಲ ರೂಢಿ ಮಾಡಿಕೊಂಡ ಮೇಲೆ ಅಂಗಡಿಯವರ ಇಷ್ಟ ನಡೆಯಲ್ಲ. ಆದರೆ ನೋಟಿಸ್ ಬಂದಾಗ ಧೈರ್ಯವಾಗಿ ಉತ್ತರ ಕೊಟ್ಟವರು ಯಾರು? ಯಾವ ಸಾಮಾನು ಎಷ್ಟು ಮಾರಿದೆ, ಅದರಲ್ಲಿ ತೆರಿಗೆ ಇಲ್ಲದ್ದು ಎಷ್ಟು ಅಂತ ಬಿಲ್ ಇಟ್ಟವರು. ಮಿಕ್ಕವರು ಲೆಕ್ಕಪರಿಶೋಧಕರ ಆಫೀಸಿಗೆ ಓಡಿದರು.

ಬೇರೆಯವರ ದುಡ್ಡಿನಲ್ಲಿ ಕಲಿಯೋದು

ಮೊದಲು ಹಾಕಿದವರೇ ಗೆಲ್ಲುತ್ತಾರೆ ಅನ್ನೋ ಮಾತನ್ನ ಅಷ್ಟು ಸುಲಭವಾಗಿ ನಂಬಬೇಡಿ. ಕ್ಯಾಷಿಯರ್ ಇಲ್ಲದೆ ಸಾಮಾನು ಎತ್ತಿಕೊಂಡು ಸೀದಾ ಹೊರಗೆ ನಡೆಯುವ ಅಂಗಡಿಯನ್ನ ಅಮೆಜಾನ್ 2018ರಲ್ಲಿ ಸಿಯಾಟಲ್‌ನಲ್ಲಿ ಜನರಿಗೆ ತೆರೆಯಿತು. 2024ರಲ್ಲಿ ಅಮೆರಿಕದ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಅದೇ ವ್ಯವಸ್ಥೆ ತೆಗೆಯುತ್ತೇವೆ ಅಂದಿತು. ಮೆಕ್‌ಡೊನಾಲ್ಡ್ಸ್ 2021ರಿಂದ ಐಬಿಎಂ ಜೊತೆ ಸೇರಿ ಕಾರಿನಲ್ಲಿ ಬಂದವರ ಆರ್ಡರ್ ತಗೊಳ್ಳುವ ಎಐ ಧ್ವನಿಯನ್ನ ನೂರಕ್ಕೂ ಹೆಚ್ಚು ಹೋಟೆಲ್‌ಗಳಲ್ಲಿ ಪರೀಕ್ಷೆ ಮಾಡಿತ್ತು. 2024ರಲ್ಲಿ ಅದನ್ನೂ ನಿಲ್ಲಿಸಿತು. ಮೆಟಾ ಕಂಪನಿಯ ವರ್ಚುವಲ್ ರಿಯಾಲಿಟಿ ವಿಭಾಗ 2023ರ ಒಂದೇ ವರ್ಷದಲ್ಲಿ 1,600 ಕೋಟಿ ಡಾಲರ್ ಹತ್ತಿರ ಕಳೆದುಕೊಂಡಿತು. ಸ್ವೀಡನ್‌ನ ಪಾವತಿ ಕಂಪನಿ ಕ್ಲಾರ್ನಾ 2024ರಲ್ಲಿ ನಮ್ಮ ಬಾಟ್ 700 ಜನರ ಕೆಲಸ ಮಾಡುತ್ತೆ ಅಂತ ಹೇಳಿಕೊಂಡಿತ್ತು. ಮರುವರ್ಷ ಗಿರಾಕಿಗಳ ಜೊತೆ ಮಾತಾಡಲಿಕ್ಕೆ ಮತ್ತೆ ಮನುಷ್ಯರನ್ನ ತಗೊಳ್ಳಲು ಶುರು ಮಾಡಿತು. ಇವರಿಗೆ ತಡೆದುಕೊಳ್ಳುವ ಶಕ್ತಿ ಇದೆ. ಚೌಕ್ ಹತ್ತಿರದ ಬಟ್ಟೆ ಅಂಗಡಿಗೆ ಇಲ್ಲ.

ಇವೆಲ್ಲಕ್ಕಿಂತ ನಮ್ಮವರು ಗಮನ ಕೊಡಬೇಕಾದ್ದು ಏರ್ ಕೆನಡಾ ಪ್ರಕರಣ. ಮನೆಯಲ್ಲಿ ಸಾವಾಗಿ ಹೊರಟಿದ್ದ ಒಬ್ಬ ಪ್ರಯಾಣಿಕರಿಗೆ ಕಂಪನಿಯ ಚಾಟ್‌ಬಾಟ್, ಈಗ ಟಿಕೆಟ್ ತಗೊಳ್ಳಿ, ರಿಯಾಯಿತಿಗೆ ಆಮೇಲೆ ಅರ್ಜಿ ಹಾಕಿ ಅಂತ ಹೇಳಿತು. ಕಂಪನಿ ನಿಯಮ ಹಾಗಿರಲಿಲ್ಲ. ರಿಯಾಯಿತಿ ಕೊಡಲಿಲ್ಲ. ಪ್ರಶ್ನೆ ಬಂದಾಗ ಬಾಟ್ ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ ಅನ್ನೋ ಥರ ವಾದ ಮಾಡಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದ ಒಪ್ಪದೆ ಪ್ರಯಾಣಿಕರಿಗೆ ದುಡ್ಡು ಕೊಡಿಸಿತು. ಮೊತ್ತ ಸಣ್ಣದು, ಕೆನಡಾದ 812 ಡಾಲರ್. ಆದ್ರೆ ಯೋಚನೆ ಮಾಡಿ. ನಮ್ಮ ಗಂಜ್‌ನಲ್ಲಿ ಇವತ್ತಿಗೂ ಲಕ್ಷಗಟ್ಟಲೆ ವ್ಯಾಪಾರ ಫೋನಿನ ಮಾತಿನ ಮೇಲೆ ನಡೆಯುತ್ತೆ. "ರೇಟ್ ಹಿಡೀರಿ" ಅಂದ್ರೆ ಹಿಡಿದಂಗೆ. ಅಂಥ ಕಡೆ ಬಾಟ್ ಒಂದು ಕ್ವಿಂಟಲ್‌ಗೆ ಐನೂರು ರೂಪಾಯಿ ಕಮ್ಮಿ ಹೇಳಿಬಿಟ್ಟರೆ? ಯಂತ್ರ ತಪ್ಪು ಮಾಡ್ತು ಅಂತ ಹೇಳಿದರೆ ಅಂಗಡಿ ಹೆಸರು ಹೋಗುತ್ತೆ. ಹೇಳದಿದ್ದರೆ ರೊಕ್ಕ ಹೋಗುತ್ತೆ. ರೇಟ್ ಹೇಳುವ ಕೆಲಸವನ್ನ ಬಾಟ್‌ಗೆ ಕೊಡಬಾರದು. ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತೆ, ಮಾಲ್ ಬಂದಿದೆಯಾ, ಲಾರಿ ಹೊರಟಿತಾ ಅನ್ನೋದನ್ನ ಬೇಕಾದ್ರೆ ಹೇಳಲಿ.

ಭಾಷೆಯ ತೊಡಕೂ ಸಣ್ಣದಲ್ಲ. ಆಳಂದ, ಚಿತ್ತಾಪುರ, ಜೇವರ್ಗಿ ಹಳ್ಳಿಗಳಿಂದ ಅಂಗಡಿಗೆ ಬರುವ ಆರ್ಡರ್ ಟೈಪ್ ಮಾಡಿದ್ದಲ್ಲ, ವಾಯ್ಸ್ ಮೆಸೇಜ್. "ಅಣ್ಣಾರ, ಬೇಳಿ ರೇಟ್ ಎಷ್ಟದ ಇವತ್ತ? ಹ್ವಾದ ಸಲದ್ದು ಬ್ಯಾಡ, ಹೊಸ ಮಾಲ್ ಇದ್ರ ಅರ್ಧ ಚೀಲ ಇಡ್ರಿ, ಬಸ್ಸಿಗೆ ಹುಡುಗನ್ನ ಕಳಸ್ತೀನಿ." ಹಿಂದೆ ಟ್ರ್ಯಾಕ್ಟರ್ ಸದ್ದು. ನಡುವೆ ಎರಡು ಮಾತು ಉರ್ದು. ಔರಾದ್ ಕಡೆಯವರಾದ್ರೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾದ ಮೇಲೆ ಭಾರತೀಯ ಭಾಷೆಗಳ ಧ್ವನಿ ಗುರುತಿಸುವ ಕೆಲಸ ಬಹಳ ಮುಂದೆ ಬಂದಿದೆ, ಅದು ನಿಜ. ಆದರೆ ಡೆಮೊದಲ್ಲಿ ತೋರಿಸುವ ಕನ್ನಡ ಟಿವಿ ವಾರ್ತೆಯ ಕನ್ನಡ. ನಿಮ್ಮ ಗಿರಾಕಿ ಮಾತಾಡೋದು ಅದಲ್ಲ.

ಹಾಗಂತ ಇದನ್ನ ಬಿಡಬೇಕು ಅಂತ ನಾನು ಹೇಳಲ್ಲ. ಹೊಸದರಲ್ಲಿ ಯಾವುದಾದರೂ ಒಂದರ ಮೇಲೆ ದುಡ್ಡು ಹಾಕು ಅಂದ್ರೆ ನಾನು ಇದಕ್ಕೇ ಹಾಕುತ್ತೇನೆ. ವಾಯ್ಸ್ ಮೆಸೇಜ್ ಕೇಳಿ, ಯಾರಿಗೆ ಏನು ಬೇಕು ಅಂತ ಪಟ್ಟಿ ಮಾಡಿ ಅಂಗಡಿಯ ಹುಡುಗನಿಗೆ ಕೊಡುವ ವ್ಯವಸ್ಥೆ ಬರಲಿ. ಉತ್ತರ ಕೊಡೋದು ಬೇಡ, ಕೇಳಿ ಬರೆದುಕೊಂಡರೆ ಸಾಕು. ತಪ್ಪಾದರೆ ಹುಡುಗ ತಿದ್ದುತ್ತಾನೆ. ಮಾರಲಿಕ್ಕೆ ಬಂದವರಿಗೆ ನಿಮ್ಮದೇ ಫೋನಿನ ಹಳೆ ಮೆಸೇಜ್‌ಗಳನ್ನ, ಗಿರಾಕಿಯ ಹೆಸರು, ನಂಬರ್ ಕೊಡದೆ, ಅಲ್ಲೇ ಕೂತು ಕೇಳಿಸಿ. ಎಷ್ಟು ಸರಿ ಬರೆಯುತ್ತೆ ನೋಡಿ. ಅವರ ಡೆಮೊ ನೋಡಬೇಡಿ.

ಕಾಯುತ್ತಾ ಕೂತವರ ಕಥೆ

ಕಾದರೆ ಯಾವಾಗಲೂ ಲಾಭವಾ? ಅದೂ ಇಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಟಿಕೆಟ್ ಮೊದಲು ಎಲ್ಲಿ ಸಿಗುತ್ತಿತ್ತು? ಬಸ್ ಸ್ಟ್ಯಾಂಡ್ ಸುತ್ತಲಿನ ಟ್ರಾವೆಲ್ಸ್ ಕೌಂಟರ್‌ನಲ್ಲಿ. ಸೀಟಿನ ಚಾರ್ಟ್ ಅವರ ಟೇಬಲ್ ಮೇಲೆ, ಪೆನ್ಸಿಲ್‌ನಲ್ಲಿ. ರೆಡ್‌ಬಸ್ 2006ರಲ್ಲಿ ಶುರುವಾಯಿತು. ಆ ಚಾರ್ಟ್ ಮೊಬೈಲ್‌ಗೆ ಹೋಯಿತು. ಕೌಂಟರ್‌ನಲ್ಲಿ ಕೂತವರ ಕಮಿಷನ್ನೂ ಅದರ ಹಿಂದೆಯೇ ಹೋಯಿತು. ಅವರಲ್ಲಿ ಮಾರಲಿಕ್ಕೆ ಇದ್ದದ್ದು ಒಂದೇ ಒಂದು: ಯಾವ ಬಸ್ಸಿನಲ್ಲಿ ಯಾವ ಸೀಟು ಖಾಲಿ ಇದೆ ಅನ್ನೋ ಮಾಹಿತಿ. ಮಾಹಿತಿ ಮಾತ್ರ ಮಾರುವವರು ಕಾದರೆ ಉಳಿಯಲ್ಲ.

ಅದೇ ಗಂಜ್‌ನಲ್ಲಿ ಏನಾಯಿತು ನೋಡಿ. ಕರ್ನಾಟಕ 2014ರಲ್ಲೇ ಎಪಿಎಂಸಿಗಳಿಗೆ ಆನ್‌ಲೈನ್ ಟೆಂಡರ್ ವ್ಯವಸ್ಥೆ ತಂದಿತು. ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ 2016ರ ಏಪ್ರಿಲ್ 14ರಂದು ಬಂತು. ಬೆಳಿಗ್ಗೆ ಹತ್ತಕ್ಕೆಲ್ಲ ರೇಟು ಹಳ್ಳಿ ಹಳ್ಳಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತೆ. ರೈತರ ಮಾಲನ್ನ ಕಮಿಷನ್ ಮೇಲೆ ಮಾರಿಕೊಡುವ ಅಡತಿ ಅಂಗಡಿ ಮುಳುಗುತ್ತೆ ಅಂತ ಆಗ ಬಹಳ ಜನ ಅಂದಿದ್ದರು. ಮುಳುಗಲಿಲ್ಲ. ರೈತ ಈಗಲೂ ತನ್ನ ಅಡತಿ ಅಂಗಡಿಗೇ ಚೀಲ ಇಳಿಸುತ್ತಾನೆ. ಯಾಕಂದ್ರೆ ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆ ಕೈಗಡ ಕೊಟ್ಟವರು ಅವರು. ಮಗಳ ಮದುವೆಗೆ ಕೊಟ್ಟವರೂ ಅವರೇ. (ಇದರಿಂದ ರೈತನಿಗೆ ಒಳ್ಳೆಯದಾಗಿದೆ ಅಂತ ನಾನು ಹೇಳುತ್ತಿಲ್ಲ. ಕೈಗಡ ಇದ್ದ ಕಡೆ ಚೌಕಾಸಿ ನಡೆಯಲ್ಲ.) ಆನ್‌ಲೈನ್ ಟೆಂಡರ್ ರೇಟ್ ತೋರಿಸಿತು, ಸಾಲ ಕೊಡಲಿಲ್ಲ. ಹೊಸ ತಂತ್ರಜ್ಞಾನ ನಿಮ್ಮ ವ್ಯಾಪಾರದ ಯಾವ ಭಾಗವನ್ನ ತಿನ್ನುತ್ತೆ ಅಂತ ಮೊದಲು ನೋಡಬೇಕು. ತಿನ್ನೋದು ನಿಮ್ಮ ಅನ್ನದ ಭಾಗವನ್ನೇ ಆದರೆ ಇವತ್ತೇ ಎದ್ದೇಳಿ. ಇಲ್ಲದಿದ್ದರೆ ಅವಸರ ಬೇಡ.

ಉದ್ರಿ, ಅಂದ್ರೆ ಸಾಲದ ವ್ಯಾಪಾರದ ವಿಷಯಕ್ಕೇ ಬಂದ ಮೇಲೆ ಇನ್ನೊಂದು ಮಾತು. ಉದ್ರಿ ಖಾತೆಯ ಆ್ಯಪ್‌ಗಳು ಬಂದು ವರ್ಷಗಳಾದವು. ಲೆಕ್ಕ ಇಡಲಿಕ್ಕೆ ಅವು ಬಹಳ ಒಳ್ಳೆಯವು. ಆದರೆ ಬಾಕಿಯ ಮೆಸೇಜ್ ತಾನಾಗೇ ಹೋಗುವ ಹಾಗೆ ಇಟ್ಟರೆ ಇಲ್ಲಿ ಎಡವಟ್ಟಾಗುತ್ತೆ. ಸಾಫ್ಟ್‌ವೇರ್‌ಗೆ ಮೂವತ್ತು ದಿನ ಆದರೆ ಬಾಕಿ. ನಮ್ಮ ಗಿರಾಕಿಗೆ ತೊಗರಿ ರಾಶಿ ಆದರೆ ಬಾಕಿ. ಜೂನ್‌ನಲ್ಲಿ ತಗೊಂಡ ಸಾಮಾನಿನ ರೊಕ್ಕ ಬರೋದು ಜನವರಿಯಲ್ಲಿ, ಮಾಲ್ ಗಂಜ್‌ಗೆ ಇಳಿದ ಮೇಲೆ. ಆಗಸ್ಟ್‌ನಲ್ಲಿ, ಹೊಲದಲ್ಲಿ ಕಳೆ ತೆಗೆಯುತ್ತಿರುವಾಗ "ನಿಮ್ಮ ಬಾಕಿ ಕೂಡಲೇ ಪಾವತಿಸಿ" ಅಂತ ಮೆಸೇಜ್ ಬಂದರೆ ಹೇಗಿರುತ್ತೆ? "ಮೂವತ್ತ್ ವರ್ಷದಿಂದ ಬರ್ಲಿಕತ್ತೀವಿ, ನಮಗ ಮೆಸೇಜ್ ಹಾಕ್ತೀರೇನ್ರಿ?" ಅಂತ ಇನ್ನೊಂದು ಅಂಗಡಿಗೆ ಹೋಗುತ್ತಾರೆ. ದಿನದ ಲೆಕ್ಕ ಬಿಟ್ಟು ಬೆಳೆಯ ಲೆಕ್ಕದಲ್ಲಿ ನೆನಪಿಸುವ ಸೌಲಭ್ಯ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಆ ಬಟನ್ ಆಫ್ ಮಾಡಿಡಿ. ಬೆಂಗಳೂರಲ್ಲಿ ಕೂತು ಮಾಡಿದ ಸಾಫ್ಟ್‌ವೇರ್‌ಗೆ ನಮ್ಮ ಊರಿನ ವರ್ಷ ಯಾವಾಗ ಶುರುವಾಗುತ್ತೆ ಅಂತ ಗೊತ್ತಿರಲ್ಲ.

ಆನ್‌ಲೈನ್ ಮಾರಾಟದ ಒಳಲೆಕ್ಕ

ಮಕ್ಕಳು ಅತಿ ಹೆಚ್ಚು ಹಟ ಹಿಡಿಯೋದು ಇದಕ್ಕೆ. ವೆಬ್‌ಸೈಟ್ ಮಾಡೋಣ, ಆ್ಯಪ್ ಮಾಡೋಣ, ದೇಶದ ತುಂಬಾ ಮಾರೋಣ. ಸುಮ್ನೆ ಒಂದು ಲೆಕ್ಕ ಹಾಕೋಣ. ಆ್ಯಪ್ ಮಾಡಿಸಲಿಕ್ಕೆ ಒಂದೂವರೆ ಲಕ್ಷ, ನೋಡಿಕೊಳ್ಳಲಿಕ್ಕೆ ತಿಂಗಳಿಗೆ ಮೂರು ಸಾವಿರ ಅಂದುಕೊಳ್ಳಿ. ಮೊದಲ ವರ್ಷಕ್ಕೆ 1,86,000 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ ಬೇರೆ. ಕಾಂಪೋಸಿಷನ್ ಸ್ಕೀಮ್‌ನಲ್ಲಿರುವ, ಅಂದ್ರೆ ಒಟ್ಟು ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಅಂಗಡಿಗೆ ಆ ತೆರಿಗೆ ವಾಪಸ್ ಸಿಗಲ್ಲ. ತೆರಿಗೆ ಬಿಟ್ಟೇ ನೋಡಿದರೂ, ನೂರಕ್ಕೆ ಹತ್ತು ರೂಪಾಯಿ ಉಳಿಯುವ ಬಟ್ಟೆ ಅಂಗಡಿ 18 ಲಕ್ಷ 60 ಸಾವಿರದ ಹೊಸ ವ್ಯಾಪಾರ ಮಾಡಬೇಕು. ನೂರಕ್ಕೆ ನಾಲ್ಕು ಉಳಿಯುವ ಕಿರಾಣಿ ಅಂಗಡಿಯಾದರೆ 46 ಲಕ್ಷ 50 ಸಾವಿರ. ಹೊಸ ವ್ಯಾಪಾರ ಅಂದೆ. ಹೇಗಿದ್ದರೂ ಅಂಗಡಿಗೆ ಬರುತ್ತಿದ್ದ ಗಿರಾಕಿ ಆ್ಯಪ್‌ನಲ್ಲಿ ಆರ್ಡರ್ ಹಾಕಿದರೆ ಅದು ಲೆಕ್ಕಕ್ಕಿಲ್ಲ.

ಇನ್ನು ಬೇಳೆ ಮಾರುವವರ ಪಾಡು ನೋಡಿ. ಬಿಡಿಯಾಗಿ ತೂಗಿ ಕೊಡುವ ತೊಗರಿಬೇಳೆಗೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸಾಮಾನು ಮಾತ್ರ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಈಗ ಸೊಲ್ಲಾಪುರದವರು ಒಬ್ಬರು ವೆಬ್‌ಸೈಟ್‌ನಲ್ಲಿ ಐದು ಕಿಲೋ ಆರ್ಡರ್ ಹಾಕಿದರು ಅಂತ ಇಟ್ಟುಕೊಳ್ಳಿ. ಕಳಿಸಬೇಕಂದ್ರೆ ಪ್ಯಾಕೆಟ್ ಮಾಡಬೇಕು. ಪ್ಯಾಕೆಟ್ ಅಂದ ಕೂಡಲೇ ಅದರ ಮೇಲೆ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, ದೂರು ಹೇಳುವ ನಂಬರ್, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲಾ ಇರಬೇಕು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ 5% ತೆರಿಗೆ ಬಂದಿದೆ. ಹಾಗಾಗಿ ನಿಮ್ಮ ಸಾಮಾನು ತೆರಿಗೆ ಇರುವ ಸಾಮಾನಾಯಿತು. ತೆರಿಗೆ ಇರುವ ಸಾಮಾನನ್ನ ಬೇರೆ ರಾಜ್ಯಕ್ಕೆ ಕಳಿಸುವವರಿಗೆ 40 ಲಕ್ಷದ ವಿನಾಯಿತಿ ಇಲ್ಲ. ಮೊದಲ ಪ್ಯಾಕೆಟ್‌ಗೇ ನೋಂದಣಿ ಬೇಕು. ಕಾಂಪೋಸಿಷನ್‌ನಲ್ಲಿ ಇದ್ದೀವಿ ಅಂದ್ರೆ? 2023ರ ಅಕ್ಟೋಬರ್‌ನಿಂದ ಅವರೂ ಆನ್‌ಲೈನ್ ವೇದಿಕೆಯಲ್ಲಿ ಸರಕು ಮಾರಬಹುದು, ಆದರೆ ರಾಜ್ಯದ ಒಳಗೆ ಮಾತ್ರ. ನಮ್ಮ ಕಷ್ಟ ಇರೋದೇ ಇಲ್ಲಿ. ಬೆಂಗಳೂರು 600 ಕಿಲೋಮೀಟರ್ ಹತ್ತಿರ ದೂರ. ಸೊಲ್ಲಾಪುರ, ಹೈದರಾಬಾದ್ ಅದಕ್ಕಿಂತ ಎಷ್ಟೋ ಹತ್ತಿರ, ಎರಡೂ ಬೇರೆ ರಾಜ್ಯ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗೆ ಇದೇ ಪಾಡು. ಒಂದು ಆನ್‌ಲೈನ್ ಆರ್ಡರ್‌ಗಾಗಿ ಇಡೀ ಅಂಗಡಿಯ ಲೆಕ್ಕದ ಪದ್ಧತಿ ಬದಲಾಗಬೇಕು. ಸಾಫ್ಟ್‌ವೇರ್ ಮಾರುವವರು ಇದನ್ನ ಹೇಳಲ್ಲ. ಅವರ ಕೆಲಸ ಅಲ್ಲ ಅದು, ಅಲ್ವಾ?

ಕೊರಿಯರ್ ಖರ್ಚು ಇನ್ನೊಂದು. ಬೇಳೆ ಭಾರ ಜಾಸ್ತಿ, ಬೆಲೆ ಕಮ್ಮಿ. ಸೀರೆ ಹಗುರ, ಬೆಲೆ ಜಾಸ್ತಿ. ಹಾಗಾಗಿ ಒಂದೇ ತಂತ್ರಜ್ಞಾನ ಕಪಡಾ ಬಜಾರ್‌ನಲ್ಲಿ ಲಾಭ ಕೊಟ್ಟು ಗಂಜ್‌ನಲ್ಲಿ ಮುಳುಗಿಸಬಹುದು. ಆದರೂ ಬೇಳೆಯವರಿಗೆ ದಾರಿ ಇಲ್ಲ ಅಂತಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆ. ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ನಮ್ಮ ಕಡೆಯವರಿಗೆ ಆ ಹೆಸರಿನ ಬೆಲೆ ಗೊತ್ತು. ಈಗಾಗಲೇ ಜಿಎಸ್‌ಟಿ ಇರುವ, ಪ್ಯಾಕಿಂಗ್ ಯಂತ್ರ ಇರುವ ದಾಲ್ ಮಿಲ್ ಆನ್‌ಲೈನ್‌ಗೆ ಹೋಗೋದು ಬುದ್ಧಿವಂತಿಕೆ. ಬರೀ ಚಿಲ್ಲರೆ ಅಂಗಡಿಯವರು ಮೊದಲು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ತುಂಬಲಿ. ಅದಕ್ಕೆ ದುಡ್ಡಿಲ್ಲ.

ಬೀದರ್‌ನ ಬಿದ್ರಿ ಕೆಲಸದವರ ಸಮಸ್ಯೆ ಬೇರೆ. ಅವರಿಗೆ ಗಿರಾಕಿ ದೂರದವರು, ನಂಬಿಕೆ ಹುಟ್ಟಿಸೋದೇ ಕಷ್ಟ. ಸತು ಮತ್ತು ತಾಮ್ರದ ಎರಕ, ಅದರ ಮೇಲೆ ಕೈಯಿಂದ ಕೆತ್ತಿ ಕೂರಿಸಿದ ಬೆಳ್ಳಿ ತಂತಿ, ಕೊನೆಗೆ ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದಿದಾಗ ಬರುವ ಆ ಕಪ್ಪು. ಫೋಟೋದಲ್ಲಿ ನೋಡಿದರೆ ಬಣ್ಣ ಬಳಿದ ನಕಲಿಗೂ ಇದಕ್ಕೂ ವ್ಯತ್ಯಾಸ ಕಾಣಲ್ಲ. ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ದೇಶ ಒಂದು ಸಲ ಬಿದ್ರಿ ಕಡೆ ತಿರುಗಿ ನೋಡಿತು. ಇಂಥವರಿಗೆ ವರ್ಚುವಲ್ ಶೋರೂಮ್‌ಗಿಂತ, ಮಣ್ಣಿನಲ್ಲಿ ಅದ್ದಿ ಎತ್ತಿದ ಕ್ಷಣವನ್ನ ಗಿರಾಕಿಗೆ ತೋರಿಸುವ ಒಂದು ವಿಡಿಯೋ ಕಾಲ್ ಜಾಸ್ತಿ ಉಪಯೋಗ. ಚಿನ್ನದ ಅಂಗಡಿಗಳಲ್ಲಿ ಈ ನಂಬಿಕೆಯ ಪ್ರಶ್ನೆಯನ್ನ ಕಾನೂನೇ ಬಗೆಹರಿಸಿತು. 2023ರ ಏಪ್ರಿಲ್ 1ರಿಂದ ಆಭರಣಕ್ಕೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಎಚ್‌ಯುಐಡಿ, ಕಡ್ಡಾಯ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ಗಿರಾಕಿ ಕೇಳುವ ಮೊದಲೇ ಅದನ್ನ ಕೌಂಟರ್‌ನಲ್ಲೇ ಪರೀಕ್ಷೆ ಮಾಡಿ ತೋರಿಸುವ ಅಂಗಡಿಗೆ ಖರ್ಚು ಸೊನ್ನೆ.

ಮುಂದೆ ಬರೋದಕ್ಕೆ ಈಗ ಏನು?

ಸರ್ಕಾರದ ಬೆಂಬಲದ ಆನ್‌ಲೈನ್ ವ್ಯಾಪಾರ ಜಾಲ ಓಎನ್‌ಡಿಸಿ 2021ರ ಕೊನೆಗೆ ಕಂಪನಿಯಾಗಿ ಹುಟ್ಟಿತು. ಯಾವ ಆ್ಯಪ್‌ನಲ್ಲಿ ಹುಡುಕಿದರೂ ಯಾವ ಅಂಗಡಿಯ ಸಾಮಾನೂ ಕಾಣಬೇಕು ಅನ್ನೋದು ಅದರ ಆಸೆ. 2025ರ ಅಕ್ಟೋಬರ್‌ನಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ, ಪಾವತಿ ಕಂಪನಿ ರೇಜರ್‌ಪೇ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸೇರಿ ಚಾಟ್‌ಜಿಪಿಟಿ ಒಳಗಿಂದಲೇ ಯುಪಿಐ ಮೂಲಕ ಸಾಮಾನು ಕೊಳ್ಳುವ ಪ್ರಯೋಗ ಶುರು ಮಾಡಿದವು. ಇವು ಕಲಬುರಗಿಗೆ ಯಾವ ರೂಪದಲ್ಲಿ ಬರುತ್ತವೋ ಬರಲಿ. ಒಂದು ಮಾತ್ರ ಖಚಿತ. ಗಿರಾಕಿ ತನ್ನ ಫೋನಿಗೆ "ಹತ್ತಿರದಲ್ಲಿ ಎಲ್ಲಿ ಸಿಗುತ್ತೆ ನೋಡು" ಅಂದರೆ, ಫೋನಿಗೆ ಕಾಣೋದು ಸ್ಟಾಕು, ರೇಟು ಕಂಪ್ಯೂಟರ್‌ನಲ್ಲಿ ಇರುವ ಅಂಗಡಿ. ಮುನೀಮರ ತಲೆಯಲ್ಲಿರೋದು ಅದಕ್ಕೆ ಕಾಣಲ್ಲ. ಇವತ್ತು ಬಾಟ್ ಕೊಳ್ಳದಿದ್ದರೂ ನಡೆಯುತ್ತೆ. ಇವತ್ತು ಸಾಮಾನಿನ ಪಟ್ಟಿ ಶುರು ಮಾಡದಿದ್ದರೆ, ನಾಳೆ ಯಾವ ಬಾಟ್ ಕೊಂಡರೂ ಅದಕ್ಕೆ ಹೇಳಲಿಕ್ಕೆ ಏನೂ ಇರಲ್ಲ.

ಗಿರಾಕಿಗಳ ಫೋನ್ ನಂಬರ್ ವಿಷಯದಲ್ಲಿ ಈಗಲೇ ಎಚ್ಚರ ಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳು ಜಾರಿಗೆ ಬರಲಿಕ್ಕೆ ಅಲ್ಲಿಂದ ಹದಿನೆಂಟು ತಿಂಗಳ ಸಮಯ ಕೊಟ್ಟರು. ನಂಬರ್ ಯಾವುದಕ್ಕೆ ತಗೊಳ್ಳುತ್ತೀರಿ ಅಂತ ಗಿರಾಕಿಗೆ ಹೇಳಿ, ಒಪ್ಪಿಗೆ ತಗೋಬೇಕು. ಬೇಕಂದ್ರೆ ಕನ್ನಡದಲ್ಲೇ ಓದುವ ಅವಕಾಶ ಕೊಡಬೇಕು. ಸೀರೆ ಕೊಂಡಾಗ ಬಿಲ್‌ಗೆ ಅಂತ ಪಡೆದ ನಂಬರ್‌ಗೆ ದಿನಾ ಆಫರ್ ಮೆಸೇಜ್ ಕಳಿಸೋದು ಇನ್ನು ಮೊದಲಿನಷ್ಟು ಸಲೀಸಲ್ಲ. ಸಾಫ್ಟ್‌ವೇರ್ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಈ ಗಿರಾಕಿ ಪಟ್ಟಿ ಯಾರದು? ನಾಳೆ ನಿಮ್ಮನ್ನ ಬಿಟ್ಟರೆ ಅದನ್ನ ಎಕ್ಸೆಲ್ ಫೈಲ್‌ನಲ್ಲಿ ವಾಪಸ್ ಕೊಡ್ತೀರಾ? ಎರಡನೆಯ ಪ್ರಶ್ನೆಗೆ ಉತ್ತರ ಎಳೆದಾಡಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಶುರು ಮಾಡುವ ಕಾಲವೂ ಮುಖ್ಯ. ಗಂಜ್‌ನವರು ಡಿಸೆಂಬರ್‌ನಿಂದ ಫೆಬ್ರುವರಿ ತನಕ ಹೊಸ ಬಿಲ್ಲಿಂಗ್ ಮುಟ್ಟಬಾರದು, ತೊಗರಿ ಬರುವ ಹೊತ್ತು ಅದು. ಬಟ್ಟೆ ಅಂಗಡಿಯವರಿಗೆ ಮದುವೆ ಸೀಸನ್ ಬೇಡ, ಶರಣಬಸವೇಶ್ವರ ಜಾತ್ರೆ ಹತ್ತಿರ ಬಂದಾಗಂತೂ ಬೇಡವೇ ಬೇಡ. ಮಳೆಗಾಲದ ಮಂದ ದಿನಗಳೇ ಸರಿ.

ಅಪ್ಪ-ಮಗನ ಮಾತಿನಲ್ಲಿ ಯಾರೂ ಎತ್ತದ ಖರ್ಚು ಒಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದು. ಬಂದ ಮಾಲನ್ನ ಬಂದ ದಿನವೇ ಎಂಟ್ರಿ ಮಾಡೋರು ಯಾರು? ಬಿಕಾಂ, ಬಿಸಿಎ ಮುಗಿಸಿದ ಹುಡುಗರು ಪುಣೆ, ಹೈದರಾಬಾದ್, ಬೆಂಗಳೂರಿಗೆ ಬಸ್ ಹತ್ತುತ್ತಾರೆ, ಯಾಕಂದ್ರೆ ಇಲ್ಲಿನ ಅಂಗಡಿ ಕೊಡುವ ಸಂಬಳಕ್ಕೆ ಅವರು ನಿಲ್ಲಲ್ಲ. ಅಂಗಡಿಯವರು ಲಕ್ಷ ಕೊಟ್ಟು ಸಾಫ್ಟ್‌ವೇರ್ ಕೊಳ್ಳುತ್ತಾರೆ, ಅದನ್ನ ನಡೆಸುವ ಹುಡುಗಿಗೆ ತಿಂಗಳಿಗೆ ಎರಡು ಸಾವಿರ ಜಾಸ್ತಿ ಕೊಡಲಿಕ್ಕೆ ಹಿಂದೆ ಮುಂದೆ ನೋಡುತ್ತಾರೆ. ಅವಳು ಆರು ತಿಂಗಳಿಗೆ ಬಿಟ್ಟು ಹೋಗುತ್ತಾಳೆ, ಎಂಟ್ರಿ ನಿಲ್ಲುತ್ತೆ, ಸಾಫ್ಟ್‌ವೇರ್‌ನಲ್ಲಿ ಇನ್ನೂ ಹೋದ ದೀಪಾವಳಿಯ ಸ್ಟಾಕ್ ಕಾಣುತ್ತಿರುತ್ತೆ. ತಿಂಗಳಿಗೆ ಎರಡು ಸಾವಿರ ಅಂದ್ರೆ ವರ್ಷಕ್ಕೆ 24,000 ರೂಪಾಯಿ. ಮೊದಲ ದುಡ್ಡು ಅಲ್ಲಿಗೆ ಹೋಗಲಿ, ಮಿಕ್ಕಿದ್ದರ ಬಗ್ಗೆ ಮುಂದಿನ ಮಳೆಗಾಲದಲ್ಲಿ ಮಾತಾಡಬಹುದು.